ತಿಯಾಮತ್ ರಾಕ್ಷಸಿನಾ, ತಾಯಿನಾ?

ಪ್ರಶ್ನೆ: ಬ್ಯಾಬಿಲೋನಿನ ಮರ್ದುಕ ಅನ್ನೋ ದೇವರು ಸಮುದ್ರದ ರಾಕ್ಷಸಿನ ಕೊಂದು ಜಗತ್ತು ಮಾಡ್ದ ಅಂತ ಓದಿದ್ದೆ. ಪೂರ್ತಿ ಕಥೆ ಏನು? ನಮ್ಮ ಸಮುದ್ರ ಮಥನಕ್ಕೂ ಇದಕ್ಕೂ ಸಂಬಂಧ ಇದ್ಯಾ?
– ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ತಿಯಾಮತ್‌ನ ಬರೀ ರಾಕ್ಷಸಿ ಅಂದ್ಬಿಟ್ರೆ ನಂಗೆ ಸಂಕಟ ಆಗತ್ತೆ ಮಾರಾಯ್ರೇ, ಯಾಕಂದ್ರೆ ಆ ಕಥೆಲಿ ಅವಳು ಮೊದಲು ಎಲ್ಲಾ ದೇವರ ತಾಯಿ. ಆಕಾಶಕ್ಕೂ ಭೂಮಿಗೂ ಇನ್ನೂ ಹೆಸರೇ ಇಲ್ದಿದ್ದಾಗ ಇದ್ದಿದ್ದು ಎರಡೇ, ಸಿಹಿನೀರು ಅಪ್ಸು, ಉಪ್ಪುನೀರು ತಿಯಾಮತ್, ಇಬ್ರೂ ಒಂದರೊಳಗೊಂದು ಬೆರೆತು ಅದರಿಂದ ದೇವರು ಹುಟ್ತಾರೆ. ನೀವು ಕೋಡಿಬಾಗದವರು, ಕಾಳಿ ಅಳಿವೆ ನೋಡಿದೀರಿ, ಭರತ ಬಂದಾಗ ಎಲ್ಲಿವರೆಗೆ ಹೊಳೆ ಎಲ್ಲಿಂದ ಸಮುದ್ರ ಅಂತ ಗೆರೆ ಹಾಕಕ್ಕಾಗಲ್ಲ ಅಲ್ವಾ, ಹಂಗೆ. ಬ್ಯಾಬಿಲೋನ್ ಅಂದ್ರೆ ಈಗಿನ ಇರಾಕ್, ಅಲ್ಲಿನ ಟೈಗ್ರಿಸ್, ಯೂಫ್ರೆಟಿಸ್ ನದಿಗಳೂ ಕೊನೆಗೆ ಕೊಲ್ಲಿ ಸೇರೋವೇ.

ಹುಟ್ಟಿದ ಮಕ್ಕಳು ಕುಣಿದು ಗಲಾಟೆ ಮಾಡ್ತಾರೆ, ಅಪ್ಸುಗೆ ನಿದ್ದೆ ಇಲ್ಲ, ಕೊಂದೇ ಬಿಡ್ತೀನಿ ಅಂತಾನೆ. ಆಗ ಬೇಡ ಅಂದವಳು ತಿಯಾಮತ್, ನಾವೇ ಹೆತ್ತಿದ್ದನ್ನ ನಾವೇ ಹಾಳು ಮಾಡೋದಾ ಅಂತ. ಎಯಾ ಅನ್ನೋ ಜಾಣ ದೇವರು ಮಂತ್ರ ಹಾಕಿ ಅಪ್ಸುನ ಮಲಗಿಸಿ ಕೊಲ್ತಾನೆ, ಇವಳು ಯುದ್ಧಕ್ಕೆ ನಿಲ್ಲೋದು ಅದಾದ ಎಷ್ಟೋ ಹೊತ್ತಿನ ಮೇಲೆ, ಅದೂ ಬೇರೆ ದೇವರು ಬಂದು ಗಂಡನ ಕೊಂದಾಗ ಸುಮ್ನೆ ಕೂತೆಯಲ್ಲ ಅಂತ ಚುಚ್ಚಿದ್ದಕ್ಕೆ. ಹನ್ನೊಂದು ಘೋರ ಜೀವಿಗಳನ್ನ ಹುಟ್ಟಿಸಿ ಕಿಂಗು ಅನ್ನೋ ದೇವರನ್ನ ಸೇನಾಪತಿ ಮಾಡ್ತಾಳೆ.

ಎಯಾನ ಮಗ ಮರ್ದುಕ ಅವಳ ಬಾಯೊಳಗೆ ಗಾಳಿ ನುಗ್ಗಿಸಿ ಬಾಣ ಬಿಡ್ತಾನೆ. ಆಮೇಲಿನ ಸಾಲು ನೋಡಿ, ಒಣಗಿಸೋ ಮೀನಿನ ಹಾಗೆ ಎರಡು ಹೋಳು ಸೀಳ್ದ ಅಂತ ಇದೆ! ಬೆನ್ನಿಂದ ಕತ್ತಿ ಹಾಕಿ ಮೀನು ಬಿಡಿಸಿ, ಉಪ್ಪು ತುಂಬಿ ಬಿಸಿಲಿಗೆ ಹಾಕೋದನ್ನ ದಿನಾ ನೋಡೋ ನಮಗೆ ಅದು ಉಪಮೆ ಅನ್ನಿಸೋದೇ ಇಲ್ಲ, ಕಣ್ಣೆದುರೇ ಬರತ್ತೆ. ಒಂದು ಹೋಳು ಆಕಾಶ, ಒಳಗಿನ ನೀರು ಸೋರದ ಹಾಗೆ ಕಾವಲು. ಅವಳ ಎರಡು ಕಣ್ಣಿಂದ ಆ ಎರಡು ನದಿ. ಕಿಂಗುನ ರಕ್ತದಿಂದ ಮನುಷ್ಯ, ದೇವರ ದುಡಿಮೆಯ ಭಾರ ಹೊರೋದಕ್ಕೆ.

ಸಮುದ್ರ ಮಥನಕ್ಕೆ ಸಂಬಂಧ ಕಟ್ಟಬೇಡಿ. ಅಲ್ಲಿ ಕಡೆಯೋದು ಅಮೃತಕ್ಕೆ, ಇಲ್ಲಿ ದೇಹನೇ ಜಗತ್ತಾಗತ್ತೆ. ಹೋಲಿಸಲೇಬೇಕಂದ್ರೆ ಪುರುಷಸೂಕ್ತ ಹತ್ರ ಬರತ್ತೆ, ಅಲ್ಲೂ ಪುರುಷನ ಕಣ್ಣಿಂದ ಸೂರ್ಯ, ಮನಸ್ಸಿಂದ ಚಂದ್ರ.

ಪ್ರಶ್ನೆ: ಅಸ್ಸೀರಿಯಾದವರಿಗೂ ಮರ್ದುಕನೇ ದೊಡ್ಡವನಾ?
– ಓದುಗರೊಬ್ಬರು, ಶಿರಸಿ

ಉತ್ತರ: ಅಲ್ಲ, ಅಸ್ಸೀರಿಯಾ ಬ್ಯಾಬಿಲೋನಿನ ಉತ್ತರಕ್ಕಿದ್ದ ರಾಜ್ಯ, ಅವರ ದೊಡ್ಡ ದೇವರು ಅಶ್ಶೂರ್. ಕ್ರಿ.ಪೂ. 689ರಲ್ಲಿ ಅವರ ರಾಜ ಸೆನ್ನಾಚೆರಿಬ್ ಬ್ಯಾಬಿಲೋನನ್ನ ನೆಲಸಮ ಮಾಡ್ದ, ಅವರ ಲಿಪಿಕಾರರು ಇದೇ ಕಥೆಲಿ ಮರ್ದುಕನ ಜಾಗಕ್ಕೆ ಅಶ್ಶೂರನ್ನ ಕೂರಿಸಿ ಬರೆದ ಮಣ್ಣಿನ ಹಲಗೆಗಳೂ ಸಿಕ್ಕಿವೆ. ಹಂಗಿದ್ರೂ ಮರ್ದುಕನ ಕಥೆ ನಮ್ಮ ಕಾಲದವರಿಗೆ ಮೊದಲು ಸಿಕ್ಕಿದ್ದು ಅಸ್ಸೀರಿಯಾದಲ್ಲೇ, ಸೆನ್ನಾಚೆರಿಬ್‌ನ ಮೊಮ್ಮಗ ಅಶುರ್‌ಬನಿಪಾಲ್ ರಾಜಧಾನಿ ನಿನೆವೆಯಲ್ಲಿ ಕೂಡಿಸಿಟ್ಟ ಗ್ರಂಥಾಲಯದ ಮಣ್ಣಿನ ಹಲಗೆಗಳಲ್ಲಿ. ಒಟ್ಟು ಏಳು ಹಲಗೆಯ ಕಾವ್ಯ ಅದು, 1876ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಿದ್ವಾಂಸ ಜಾರ್ಜ್ ಸ್ಮಿತ್ ಅದರ ಚೂರುಗಳನ್ನ ಜೋಡಿಸಿ ಇಂಗ್ಲಿಷಿಗೆ ತಂದ್ರು.