ಲಾಗ್‌ಬುಕ್ ತೆರೆಯದೆ ಬರೆದ ಯುದ್ಧ

ಪ್ರಿಯರೇ,

ವಾಯುಪಡೆಯಲ್ಲಿ ಫೈಟರ್ ಪೈಲಟ್ ಆಗಿದ್ದು ನಿವೃತ್ತರಾದ ನಿಮ್ಮ ದೊಡ್ಡಪ್ಪನವರ ಬಗ್ಗೆ ಬರೆದ ಲೇಖನ ತಲುಪಿತು. ಭಾಷೆ ಸರಾಗವಾಗಿದೆ, ಕಾಗುಣಿತದ ತಪ್ಪಿಲ್ಲ. ಯಾವ ಕುರ್ಚಿಯಲ್ಲಿ ಕೂತರೂ ಅವರು ಮಡಿಸಿದ ಟವೆಲ್ಲೊಂದನ್ನು ಬೆನ್ನಿಗೆ ಕೊಟ್ಟುಕೊಳ್ಳುತ್ತಾರೆ ಎಂಬ ಮೊದಲ ಸಾಲು ಚೆನ್ನಾಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು.

ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿ ಬಂದ ರಾಜಸ್ಥಾನದ ಗಡಿ ಠಾಣೆ ಲೋಂಗೆವಾಲಾದ ಭಾಗ. ನೀವು ಬರೆದಿರುವುದು: “1971ರ ಡಿಸೆಂಬರ್ 4ರ ನಡುರಾತ್ರಿ ದೊಡ್ಡಪ್ಪ ಶಬ್ದದ ಎರಡು ಪಟ್ಟು ವೇಗದಲ್ಲಿ ಹಂಟರ್ ಹಾರಿಸುತ್ತ, ಶತ್ರು ಟ್ಯಾಂಕುಗಳ ಮೇಲೆ ಕ್ಷಿಪಣಿ ಪ್ರಯೋಗಿಸಿ, ಅರ್ಧ ಗಂಟೆ ಗುಂಡಿನ ಮಳೆಗರೆದರು.” ಒಂದು ವಾಕ್ಯ, ನಾಲ್ಕು ತಪ್ಪು.

ನಡುರಾತ್ರಿ. ಜೈಸಲ್ಮೇರಿನಲ್ಲಿದ್ದ ಹಂಟರ್ ಯುದ್ಧವಿಮಾನಗಳಿಗೆ ಕತ್ತಲಲ್ಲಿ ಗುರಿ ಹುಡುಕಿ ಹೊಡೆಯುವ ಸಲಕರಣೆಯೇ ಇರಲಿಲ್ಲ. ಲೋಂಗೆವಾಲಾದ ಕಥೆ ನಿಂತಿರುವುದೇ ಇದರ ಮೇಲೆ. ಠಾಣೆಯಲ್ಲಿದ್ದ ಸುಮಾರು 120 ಜನ ರಾತ್ರಿಯಿಡೀ ಟ್ಯಾಂಕುಗಳನ್ನು ತಡೆದು ನಿಂತದ್ದು, ವಿಮಾನ ಬರುವುದು ಬೆಳಕು ಹರಿದ ಮೇಲೆಯೇ ಎಂದು ಗೊತ್ತಿದ್ದೇ. ಹಂಟರ್‌ಗಳು ಬಂದದ್ದು 5ರ ಬೆಳಿಗ್ಗೆ. ನಡುರಾತ್ರಿಗೇ ವಿಮಾನ ತಂದು ನೀವು ಆ ಕಾಯುವಿಕೆಯನ್ನೆಲ್ಲ ಅಳಿಸಿಬಿಟ್ಟಿರಿ. ಆ ರಾತ್ರಿ ದೊಡ್ಡಪ್ಪ ನಿದ್ದೆ ಮಾಡಿದರೇ, ಎಷ್ಟು ಗಂಟೆಗೆ ಎಬ್ಬಿಸಿದರು, ವಿಮಾನ ಹತ್ತುವಾಗ ಎಷ್ಟು ಬೆಳಕಿತ್ತು? ಕೇಳಬೇಕಾದದ್ದು ಇದು.

ಶಬ್ದದ ಎರಡು ಪಟ್ಟು. ಸಮತಟ್ಟಾಗಿ ಹಾರುವಾಗ ಹಂಟರ್ ಶಬ್ದದ ವೇಗವನ್ನು ಮುಟ್ಟುವುದೂ ಇಲ್ಲ. ಮೂತಿ ತಗ್ಗಿಸಿ ಧುಮುಕಿದರೆ ಸ್ವಲ್ಪ ದಾಟೀತು. ಅದು ನೀವು ಬೇರೆ ಯಾವುದೋ ವಿಮಾನದಿಂದ ಕಡ ತಂದ ವೇಗ.

ಕ್ಷಿಪಣಿ. ಹಂಟರ್ ಅಲ್ಲಿಗೆ ಒಯ್ದದ್ದು ರಾಕೆಟ್. ಬಿಟ್ಟ ಮೇಲೆ ಅದು ಗುರಿಯನ್ನು ಹಿಂಬಾಲಿಸುವುದಿಲ್ಲ, ವಿಮಾನದ ಮೂತಿ ಎತ್ತಲೋ ಅತ್ತ ಹೋಗುತ್ತದೆ. ಹಾಗಾಗಿ ಗುರಿ ಇಡುವುದೆಂದರೆ ಇಡೀ ವಿಮಾನವನ್ನೇ ಟ್ಯಾಂಕಿನ ಕಡೆಗೆ ತಿರುಗಿಸಿ ಇಳಿಜಾರಿನಲ್ಲಿ ಅಲುಗದಂತೆ ಹಿಡಿಯುವುದು. ಆ ಕೆಲವು ಸೆಕೆಂಡು ಕೆಳಗಿನ ಮೆಷಿನ್‌ಗನ್ನುಗಳಿಗೆ ವಿಮಾನ ಸುಲಭದ ಗುರಿ. ಇನ್ನೊಂದು ಅಪಾಯ ಪೈಲಟ್‌ನ ಕಣ್ಣಿನದೇ: ಟ್ಯಾಂಕಿನ ಮೇಲೆ ನೋಟ ನೆಟ್ಟವನಿಗೆ ನೆಲ ಹತ್ತಿರವಾದದ್ದು ಗೊತ್ತಾಗುವುದಿಲ್ಲ, ಮೂತಿ ಎತ್ತುವುದು ತಡವಾಗುತ್ತದೆ. ಎತ್ತುವಾಗ ಐದಾರು ಜಿ, ಅಂದರೆ ಭೂಮಿಯ ಸೆಳೆತದ ಐದಾರು ಪಟ್ಟು ಭಾರ, ಬಿದ್ದರೆ ಎಪ್ಪತ್ತು ಕಿಲೋದ ಮನುಷ್ಯ ನಾಲ್ಕು ಕ್ವಿಂಟಲ್ ತೂಗುತ್ತಾನೆ, ರಕ್ತ ಕಾಲಿಗಿಳಿದು ಕಣ್ಣು ಮಂಜಾಗುತ್ತದೆ. “ಪ್ರಯೋಗಿಸಿ” ಎಂಬ ಒಂದು ಪದದ ಕೆಳಗೆ ಇಷ್ಟೆಲ್ಲ ಹೂತುಹೋಗಿದೆ.

ಅರ್ಧ ಗಂಟೆ. ಹಂಟರ್‌ನಲ್ಲಿ 30 ಮಿಲಿಮೀಟರಿನ ನಾಲ್ಕು ಏಡನ್ ಗನ್. ಒಂದೊಂದೂ ಸೆಕೆಂಡಿಗೆ ಸುಮಾರು 20 ಗುಂಡು ಹಾರಿಸುತ್ತದೆ. ಗನ್ನಿಗೆ ಹೆಚ್ಚೆಂದರೆ 150 ಗುಂಡು. ಬೆರಳು ಒತ್ತಿ ಹಿಡಿದರೆ ಏಳೆಂಟು ಸೆಕೆಂಡಿಗೆ ಬರಿದು. ಅದಕ್ಕೇ ಚೂರುಚೂರಾಗಿ ಒತ್ತಿ ಉಳಿಸಿಕೊಳ್ಳುತ್ತಾರೆ, ಮುಗಿದರೆ ವಾಪಸು. ನೆಲದಲ್ಲಿ ಮದ್ದುಗುಂಡು ತುಂಬುವ ಸಿಬ್ಬಂದಿಯಾದ ಆರ್ಮರರ್‌ಗಳು ಹೊಟ್ಟೆಯಡಿಯ ಗನ್‌ಪ್ಯಾಕನ್ನು ಇಡಿಯಾಗಿ ಇಳಿಸಿ ತುಂಬಿದ್ದನ್ನು ಏರಿಸುತ್ತಾರೆ, ಹಂಟರ್‌ನ ದೊಡ್ಡ ಅನುಕೂಲವೇ ಅದು. ಆ ಆರ್ಮರರ್‌ಗಳು ನಿಮ್ಮ ಎಂಟು ಪುಟದಲ್ಲಿ ಎಲ್ಲೂ ಇಲ್ಲ.

ನಾನು ಪತ್ರಿಕೆಯ ಸಂಪಾದಕೀಯ ಡೆಸ್ಕಿಗೆ ಸೇರಿದ ಹೊಸದರಲ್ಲಿ ಹಿರಿಯ ಉಪಸಂಪಾದಕರೊಬ್ಬರು ನನ್ನ ಪ್ರತಿ ಕ್ರಿಯಾಪದದ ಕೆಳಗೆ ಕೆಂಪು ಶಾಯಿಯಲ್ಲಿ “ಯಾವುದರಿಂದ? ಎಷ್ಟು ಹೊತ್ತು?” ಎಂದು ಗೀಚುತ್ತಿದ್ದರು. ಆಗ ಮೈ ಉರಿಯುತ್ತಿತ್ತು. ನಿಮ್ಮ ಪ್ರತಿಯ ಅಂಚಿನಲ್ಲಿ ಈಗ ನಾನು ಗೀಚಿರುವುದೂ ಅದನ್ನೇ.

ಈ ತಪ್ಪುಗಳನ್ನು ತಪ್ಪಿಸುವ ದಾರಿ ನಿಮ್ಮ ಮನೆಯ ಬೀರುವಿನಲ್ಲೇ ಇದ್ದೀತು. ಪ್ರತಿ ಪೈಲಟ್‌ಗೂ ಫ್ಲೈಯಿಂಗ್ ಲಾಗ್‌ಬುಕ್ ಇರುತ್ತದೆ: ತಾರೀಖು, ವಿಮಾನದ ಮಾದರಿ ಮತ್ತು ನಂಬರು, ಯಾವ ಕೆಲಸ, ಎಷ್ಟು ಹೊತ್ತು. ಹಗಲಿಗೊಂದು ಕಾಲಂ, ರಾತ್ರಿಗೊಂದು ಕಾಲಂ. ಡಿಸೆಂಬರ್ 1971ರ ಪುಟ ತೆರೆದಿದ್ದರೆ ನಿಮ್ಮ ನಡುರಾತ್ರಿ ಅಲ್ಲೇ ಬಿದ್ದುಹೋಗುತ್ತಿತ್ತು.

ಇನ್ನು ಆರನೇ ಪುಟ. ಯುದ್ಧದ ಮೂರು ವರ್ಷದ ಮೇಲೆ ತರಬೇತಿ ಹಾರಾಟದಲ್ಲಿ ಹಂಟರ್‌ಗೆ ಬೆಂಕಿ ಬಿತ್ತು, ದೊಡ್ಡಪ್ಪ “ಹೊರಕ್ಕೆ ಜಿಗಿದು, ಪ್ಯಾರಾಚೂಟ್ ಬಿಚ್ಚಿ, ಹೂವಿನಂತೆ ನೆಲಕ್ಕಿಳಿದರು. ಮರುದಿನವೇ ಮತ್ತೆ ಆಕಾಶಕ್ಕೇರಿದರು.” ಜೆಟ್ ವಿಮಾನದಿಂದ ಜಿಗಿಯಲು ಹೋದವನನ್ನು ಗಾಳಿ ಬಾಲದ ರೆಕ್ಕೆಗೆ ಅಪ್ಪಳಿಸುತ್ತದೆ. ಅದಕ್ಕೇ ಇಜೆಕ್ಷನ್ ಸೀಟು ಇರುವುದು. ಹಂಟರ್‌ನ ಸೀಟಿನಲ್ಲಿ ತಲೆಯ ಮೇಲೊಂದು ಹಿಡಿಕೆ. ಎರಡೂ ಕೈಯಿಂದ ಎಳೆದರೆ ಮುಖದ ಮೇಲೆ ದಪ್ಪ ಬಟ್ಟೆಯ ಪರದೆ ಇಳಿಯುತ್ತದೆ, ಗಾಳಿಯ ಹೊಡೆತಕ್ಕೆ ಅದೇ ಅಡ್ಡ. ಗಾಜಿನ ಮುಚ್ಚಳ ಹಾರುತ್ತದೆ, ಸೀಟಿನ ಹಿಂದಿನ ಮದ್ದು ಸಿಡಿದು ಸೀಟು ಸಮೇತ ಪೈಲಟ್ ಮೇಲಕ್ಕೆ ಚಿಮ್ಮುತ್ತಾನೆ. ಚಿಕ್ಕ ಪ್ಯಾರಾಚೂಟ್ ಸೀಟನ್ನು ತಿರುಗದಂತೆ ಹಿಡಿಯುತ್ತದೆ, ಆಮೇಲೆ ಸೀಟು ಕಳಚಿ ದೊಡ್ಡದು ತಾನಾಗಿ ತೆರೆಯುತ್ತದೆ. ಪೈಲಟ್ ಏನನ್ನೂ ಬಿಚ್ಚಬೇಕಿಲ್ಲ. ನೆಲ ಮುಟ್ಟುವುದು ಎರಡು ಮೀಟರ್ ಗೋಡೆಯಿಂದ ಹಾರಿದಷ್ಟು ಜೋರಾಗಿ. ಹೂವಿನ ಮಾತು ಬಿಡಿ.

ಮದ್ದು ಸಿಡಿದಾಗ ಬೆನ್ನು ನೆಟ್ಟಗಿರದಿದ್ದರೆ, ತಲೆ ಮುಂದಕ್ಕೆ ಬಾಗಿದ್ದರೆ, ಬೆನ್ನುಮೂಳೆಯ ಮಣಿ ಒತ್ತಿ ಜಜ್ಜುತ್ತದೆ. ನೆಟ್ಟಗಿದ್ದರೂ ಒಮ್ಮೊಮ್ಮೆ ತಪ್ಪುವುದಿಲ್ಲ. ಆದ್ದರಿಂದ ಇಜೆಕ್ಟ್ ಆದವರು ಮೊದಲು ಹೋಗುವುದು ಆಸ್ಪತ್ರೆಗೆ: ಬೆನ್ನಿನ ಎಕ್ಸ್‌ರೇ, ವೈದ್ಯಕೀಯ ದರ್ಜೆಯ ಪರಿಶೀಲನೆ, ಇನ್ನೊಂದೆಡೆ ಅಪಘಾತದ ವಿಚಾರಣೆ. ಮಣಿ ಮುರಿದಿದ್ದರೆ ತಿಂಗಳುಗಟ್ಟಲೆ ಹಾರಾಟವಿಲ್ಲ. ನಿಮ್ಮ “ಮರುದಿನವೇ” ನುಂಗಿಹಾಕಿರುವುದು ಆ ತಿಂಗಳುಗಳನ್ನು.

ಸಣ್ಣಪುಟ್ಟವು: ಅವರನ್ನು ಒಂದು ಕಡೆ ಕ್ಯಾಪ್ಟನ್, ಇನ್ನೊಂದು ಕಡೆ ಸ್ಕ್ವಾಡ್ರನ್ ಲೀಡರ್ ಎಂದಿದ್ದೀರಿ. ವಾಯುಪಡೆಯಲ್ಲಿ ಬರೀ ಕ್ಯಾಪ್ಟನ್ ಇಲ್ಲ, ಸೇನೆಯ ಕ್ಯಾಪ್ಟನ್‌ಗೆ ಸಮನಾದವರು ಫ್ಲೈಟ್ ಲೆಫ್ಟಿನೆಂಟ್. ಶತ್ರುವಿನ ಎದುರಿನ ಶೌರ್ಯಕ್ಕೆ ಕೊಡುವುದು ವೀರ ಚಕ್ರ, ಶೌರ್ಯ ಚಕ್ರವಲ್ಲ. “ಮೂರು ವಿಮಾನ ಉರುಳಿಸಿದರು” ಎಂಬುದಕ್ಕೆ ಆಧಾರ ಬೇಕು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಹಳೆಯ ಮಿಸ್ಟೇರ್ ವಿಮಾನದಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿದ್ದು ಇಲ್ಲಿಯವರಿಗೆ ಖಚಿತವಾದದ್ದು ಎಷ್ಟೋ ವರ್ಷದ ಮೇಲೆ, ಆಚೆ ಕಡೆಯ ಪೈಲಟ್‌ನ ವಿವರ ಹೊರಬಂದಾಗ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಲಾಗ್‌ಬುಕ್ಕಿನ ಮೂಲ ಪ್ರತಿ ಕಳಿಸಬೇಡಿ, ಆ ಪುಟಗಳ ಫೋಟೊ ಸಾಕು. ಹಾಗೇ ದೊಡ್ಡಪ್ಪನವರನ್ನು ಒಂದು ಮಾತು ಕೇಳಿ: ಬೆನ್ನಿಗೆ ಟವೆಲ್ಲು ಕೊಟ್ಟುಕೊಳ್ಳಲು ಶುರುಮಾಡಿದ್ದು ಯಾವ ವರ್ಷ?