ವ್ಯಾಂಕೂವರ್‌ನಾಗ ವಾರ್ಡ್ ಮೇಂಬರ್ ಯಾರಂತ ಕೇಳಿದ್ರಲ್ಲ

ಕಲಬುರಗಿಯಿಂದ ಕೆನಡಾದ ವ್ಯಾಂಕೂವರ್‌ಗೆ ಹೊಸದಾಗಿ ಬಂದೀರಿ, ಮೂರು ಮಾತು ಕೇಳೀರಿ. ಇಲ್ಲಿ ನಮ್ಮ ಏರಿಯಾದ ಕಾರ್ಪೊರೇಟರ್ ಯಾರು? ಆಫೀಸಿನಾಗ ಮಂದಿ ವಾರ್ಡ್ ಬೇಕು, ಬ್ಯಾಡ ಅಂತ ಜಗಳಾಡ್ತಾರಲ್ಲ, ಅದೇನು? ನಮ್ಮ ದೇಶದವರು ಹೆಚ್ಚಿರೋ ಬಾಜೂ ಊರು ಸರ್ರೀಗೆ ಮನಿ ಬದಲಿಸಿದ್ರ ನಮ್ಮ ಮಾತು ನಡೀತದೇನು?

ಮೊದಲನೇದಕ್ಕ ಉತ್ತರ: ಯಾರೂ ಇಲ್ರಿ. ವ್ಯಾಂಕೂವರ್‌ನಾಗ ವಾರ್ಡೇ ಇಲ್ಲ. ಒಬ್ಬ ಮೇಯರ್, 10 ಮಂದಿ ಕೌನ್ಸಿಲರ್, ಎಲ್ಲಾರೂ ಇಡೀ ಊರಿನ ಓಟಿನಿಂದಲೇ ಬರ್ತಾರ. ನಮ್ಮ ಪಾಲಿಕೆಯ 55 ವಾರ್ಡಿನ ಗೆರಿ ಅಳಿಸಿ, ಬ್ರಹ್ಮಪುರದವರೂ ಸೇಡಂ ರೋಡಿನವರೂ ಒಂದೇ ಪಟ್ಟಿ ಹಿಡಕೊಂಡು ಅಷ್ಟೂ ಸೀಟಿಗೆ ಓಟ್ ಹಾಕಿದ್ರ ಹೆಂಗಿರ್ತದೋ ಹಂಗ. ನಮ್ಮ ಕಡಿ ಹಂಗ ಮಾಡಲಿಕ್ಕೇ ಬರಂಗಿಲ್ಲ. ಪಾಲಿಕೆ ಸದಸ್ಯರು ವಾರ್ಡಿನಿಂದಲೇ ಆರಿಸಿ ಬರಬೇಕಂತ ಸಂವಿಧಾನದ 74ನೇ ತಿದ್ದುಪಡಿ ಕಟ್ಟಿಟ್ಟದ. ಇದಕ್ಕ ಸ್ವಲ್ಪ ಹತ್ತಿರದ್ದು ಅಂದ್ರ ನಮ್ಮ ಗ್ರಾಮ ಪಂಚಾಯ್ತಿ ಚುನಾವಣಿ. ಅಲ್ಲಿ ಒಂದೇ ಕ್ಷೇತ್ರಕ್ಕ ಇಬ್ಬರು ಮೂವರು ಮೇಂಬರ್ ಇದ್ರ ಒಬ್ಬೊಬ್ಬ ಮತದಾರರಿಗೂ ಅಷ್ಟಷ್ಟು ಓಟ್ ಇರ್ತಾವಲ್ಲ, ಅದನ್ನೇ ಊರ ತುಂಬ ಹಿಗ್ಗಿಸ್ಯಾರ.

ಬ್ಯಾಲೆಟ್ ಪೇಪರ್ ಹೆಂಗಿರ್ತದಂತ ಹೇಳಿದ್ರ ನಿಮಗ ಜಗಳದ ಬುಡ ತಿಳೀತದ. 2022ರ ಚುನಾವಣಿಯೊಳಗ ಮೇಯರ್‌ಗೆ 15 ಹೆಸರು, ಕೌನ್ಸಿಲ್‌ಗೆ 59. ಅದರ ಜೋಡಿ ಪಾರ್ಕ್ ಬೋರ್ಡ್, ಸ್ಕೂಲ್ ಬೋರ್ಡ್. ಪೂರ್ತಿ ತುಂಬಿದ್ರ ಒಬ್ಬೊಬ್ಬರೂ 27 ಗುರುತು ಹಾಕಬೇಕಿತ್ತು. ಹೆಸರುಗಳು ಅಕ್ಷರಮಾಲೆ ಪ್ರಕಾರ ಇರಲಿಲ್ಲ, ಲಾಟರಿ ಎತ್ತಿ ಹಿಂದಮುಂದ ಹಾಕಿದ್ರು. ಉದ್ದನ್ನ ಹಾಳಿ ಟೇಬಲ್ ಮ್ಯಾಲ ಹರವಿಕೊಂಡು, ಹೆಸರು ಹುಡುಕಿ ಹುಡುಕಿ, ಎದುರಿನ ಸಣ್ಣ ಮೊಟ್ಟೆಯಾಕಾರ ಪೆನ್ನಿನಿಂದ ಕರ್ರಗ ತುಂಬಬೇಕು. ಆಮ್ಯಾಲ ಮಷೀನಿಗೆ ಕೊಡಬೇಕು. ಬಾಜೂಕಿನವರು ಮೊಬೈಲ್ ನೋಡಿ ನೋಡಿ ತುಂಬೋದು ಸಾಮಾನ್ಯ. 59 ಮಂದಿಯೊಳಗ ಹತ್ತು ಮಂದಿನ ಯಾರು ಅರಿತು ಆರಿಸ್ತಾರ? ಪಕ್ಷದ ಪಟ್ಟಿ ನೋಡಿ ಹಾಕಿಬಿಡ್ತಾರ. ಹಂಗಾಗಿ ಆ ವರ್ಷ ಎಬಿಸಿ ಅನ್ನೋ ಪಕ್ಷ ಕೌನ್ಸಿಲ್‌ಗೆ ನಿಲ್ಲಿಸಿದ್ದ 7 ಮಂದಿಗೆ 7 ಮಂದಿಯೂ ಗೆದ್ರು, ಮೇಯರೂ ಅವರವರೇ. ಒಂದು ಗುಂಪಿಗೆ ಊರಿನಾಗ ಸ್ವಲ್ಪ ಕೈ ಮ್ಯಾಲಾದ್ರ ಸಾಕು, ಸೀಟು ಸಾಲಾಗಿ ಬೀಳ್ತಾವ.

ಈ ವಾದ ಇಂದಿಂದಲ್ಲ. 1930ರ ದಶಕದ ನಡುವಿನ ತನಕ ಇಲ್ಲೂ ವಾರ್ಡ್ ಇದ್ವು, ಜನರ ಓಟಿನಿಂದಲೇ ತೆಗೆದುಹಾಕಿದ್ರು. 2004ರಾಗ ಮಾಜಿ ನ್ಯಾಯಾಧೀಶ ಥಾಮಸ್ ಬರ್ಗರ್ ಅವರ ಆಯೋಗ 14 ವಾರ್ಡ್ ಮಾಡ್ರಿ ಅಂತು. ಅದೇ ಅಕ್ಟೋಬರ್‌ನಾಗ ಜನರನ್ನ ಕೇಳಿದ್ರು, ಸುಮಾರು ನೂರಕ್ಕ 54 ಮಂದಿ ಬ್ಯಾಡಂದ್ರು. ಶ್ರೀಮಂತರಿರೋ ಪಶ್ಚಿಮ ಭಾಗಕ್ಕ ವಾರ್ಡಿಲ್ಲದ ಪದ್ಧತಿಯೇ ಹಿತ. ಅಲ್ಲಿ ಓಟ್ ಹಾಕೋರೂ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದ್ರ, ನಾನು ವಾರ್ಡಿನ ಕಡಿ. ನಮ್ಮ ಮಂದಿ ಗೆಲ್ತಾರ ಅನ್ನೋ ಆಸಿಗಲ್ಲ. ಕನ್ನಡದವರು ಇಲ್ಲಿ ಚೆದುರಿಹೋಗ್ಯಾರ, ಯಾವ ಗೆರಿ ಎಳೆದ್ರೂ ನಮ್ಮದಂತ ಒಂದು ವಾರ್ಡ್ ಆಗಂಗಿಲ್ಲ. ಚೆದುರಿದವರಿಗೆ ಇಡೀ ಊರಿನ ಚುನಾವಣಿಯೇ ಒಂದು ದಾರಿ ಅಂತ ವಾದಿಸೋರೂ ಇದ್ದಾರ. ಹತ್ತು ಓಟಿದ್ರೂ ತಮ್ಮವರಿಗೊಂದೇ ಹಾಕಿ ಬಾಕಿ ಖಾಲಿ ಬಿಡ್ರಿ ಅಂತಾರ, ಅಂಥ ಓಟೂ ಎಣಿಕಿಗೆ ಬರ್ತದ. 1972ರಾಗ ಸೆಟ್ಟಿ ಪೆಂಡಾಕುರ್ ಅನ್ನೋ ಭಾರತೀಯ ಮೂಲದವರು ಇದೇ ಪದ್ಧತಿಯೊಳಗ ಕೌನ್ಸಿಲರ್ ಆದ್ರು, ಖರೆ. ಆದ್ರ ಅವರು ಗೆದ್ದದ್ದು ಆ ವರ್ಷ ಊರನ್ನೇ ಬಾಚಿದ ಟೀಮ್ ಪಕ್ಷದ ಪಟ್ಟಿಯೊಳಗ. ಪಟ್ಟಿಯೊಳಗ ಹೆಸರು ಬರಿಯೋರು ಯಾರು, ಅಲ್ಲಿಗೇ ಬರ್ತದ ಮಾತು.

ವಾರ್ಡಿನಾಗ ರೊಕ್ಕ ಇಲ್ಲದವರೂ ಮನಿಮನಿ ತಿರುಗಿ ಓಟ್ ಕೇಳಬಹುದು. ಗೆದ್ದ ಮ್ಯಾಲ ತಪ್ಪಿಸಿಕೊಳ್ಳಲಿಕ್ಕೆ ಆಗಂಗಿಲ್ಲ. ನಲ್ಲಿಗೆ ನೀರು ಬರದಿದ್ದ ದಿನ ಶಹಾಬಜಾರಿನ ಹೆಣ್ಮಕ್ಕಳು ಖಾಲಿ ಕೊಡ ಹಿಡಕೊಂಡು ಯಾರ ಬಾಗಿಲಿಗೆ ಹೋಗಬೇಕಂತ ಅವರಿಗೆ ಗೊತ್ತದ. (ಬಾಗಿಲು ತೆಗೆಯೋದು ಮೇಂಬರೋ, ಮೇಂಬರ್ ಗಂಡನೋ, ಅದು ಬ್ಯಾರೆ ಮಾತು.) ಇಲ್ಲಿ ಹತ್ತು ಮಂದಿಯೂ ನಮ್ಮವರೇ, ಕೇಳಲಿಕ್ಕೆ ಹೋದ್ರ ಒಬ್ಬರೂ ಅಲ್ಲ.

ವಾರ್ಡಿಗೂ ಹುಳುಕದ. ಗೆರಿ ಎಳೆಯೋರ ಕೈಯಾಗ ಜುಟ್ಟು ಇರ್ತದ. 2018ರಾಗ ಟೊರಾಂಟೊದೊಳಗ ಪ್ರಚಾರ ನಡೀತಿರುವಾಗಲೇ ಒಂಟಾರಿಯೊ ಪ್ರಾಂತ್ಯದ ಸರ್ಕಾರ 47 ವಾರ್ಡನ್ನ 25ಕ್ಕ ಇಳಿಸಿತು, ಕೆನಡಾದ ಸುಪ್ರೀಂ ಕೋರ್ಟೂ 2021ರಾಗ ಅದನ್ನ ಎತ್ತಿಹಿಡೀತು. ನಮ್ಮಲ್ಲಿ ಮೀಸಲಾತಿ ಪಟ್ಟಿ ಬಂದ ದಿನ ಯಾರ ಮುಖ ಹೆಂಗಾಗ್ತದಂತ ನಿಮಗ ಹೇಳಬೇಕಾಗಿಲ್ಲ. ಒಂಟಾರಿಯೊದ ಥಂಡರ್ ಬೇ ಊರಿನಂಗ ಎರಡೂ ಬೆರೆಸಿದ್ರ ಛಲೋ ಅನ್ನಸ್ತದ. 2022ರ ಚುನಾವಣಿಯೊಳಗ ಅಲ್ಲಿ 7 ಮಂದಿ ವಾರ್ಡಿನಿಂದ, 5 ಮಂದಿ ಇಡೀ ಊರಿನಿಂದ ಬಂದ್ರು.

ಸರ್ರೀ ಮಾತು. ಅಲ್ಲೂ ವಾರ್ಡಿಲ್ಲ, 8 ಕೌನ್ಸಿಲರ್, ಒಬ್ಬ ಮೇಯರ್. ಮನಿ ಬದಲಿಸೋದಿದ್ರ ಬಾಡಿಗಿ, ಸ್ಕೈಟ್ರೇನ್ (ಇಲ್ಲಿನ ಮೆಟ್ರೋ) ದೂರ ನೋಡ್ರಿ, ಓಟಿನ ಲೆಕ್ಕ ಬ್ಯಾಡ. ಹೆಂಗೂ ನಿಮಗ ಈಗ ಓಟಿಲ್ಲ. ಪಿಆರ್ (ಕಾಯಂ ಇರೋ ಪರವಾನಗಿ) ಸಿಕ್ಕರೂ ಇಲ್ಲ, ಪೌರತ್ವ ಬೇಕು. ಅದಕ್ಕ ಅರ್ಜಿ ಹಾಕೋ ಮುಂದ ಹಿಂದಿನ 5 ವರ್ಷದಾಗ 1,095 ದಿನ ಇಲ್ಲಿದ್ದ ಲೆಕ್ಕ ಕೊಡಬೇಕು, ಊರಿಗೆ ಹೋಗಿ ಬಂದ ತಾರೀಖೆಲ್ಲ ಈಗಿಂದಲೇ ಬರೆದಿಡ್ರಿ. ಕಸದ ಗಾಡಿ ಬರಲಿಲ್ಲ, ರಸ್ತೆ ಗುಂಡಿ ಬಿದ್ದದ ಅಂದ್ರ ಪಾಲಿಕೆಯ 311 ನಂಬರಿಗೆ ಫೋನ್ ಹಚ್ಚಿ ದೂರಿನ ನಂಬರ್ ಇಸಗೊಳ್ರಿ. ನಿಮ್ಮ ಓಣಿಯಾಗ ಏನರ ಕಟ್ಟೋ ಬಗ್ಗೆ ಕೌನ್ಸಿಲ್ ವಿಚಾರಣೆ ಇಟ್ರ ಹೆಸರು ಕೊಟ್ಟು ಮಾತಾಡಬಹುದು, ಅಲ್ಲಿ ಪಾಸ್‌ಪೋರ್ಟ್ ಯಾವುದಂತ ಯಾರೂ ಕೇಳಂಗಿಲ್ಲ.