ಬಾಟಲಿಯಲ್ಲಿ 41, ಬಕೆಟ್‌ನಲ್ಲಿ 70: ಯಾವುದು ಸರಿ?

ಪ್ರಶ್ನೆ: ಎಂಟನೇ ಕ್ಲಾಸಿನ ಮಗಳು ಮಳೆ ಅಳೆಯಲು ತಲೆ ಕತ್ತರಿಸಿದ ಬಾಟಲಿ, ಒಂದು ಬಕೆಟ್ ಎರಡನ್ನೂ ಅಂಗಳದಲ್ಲಿ ಇಟ್ಟಿದ್ದಳು. ಪುಷ್ಯ ಮಳೆಯಲ್ಲಿ ಒಂದೇ ದಿನಕ್ಕೆ ಬಾಟಲಿಯಲ್ಲಿ 41 ಮಿ.ಮೀ., ಬಕೆಟ್‌ನಲ್ಲಿ 70! ಬಕೆಟ್ ಅಗಲ, ಅದಕ್ಕೇ ಜಾಸ್ತಿ ಬಿತ್ತು ಅಂತಾರೆ ಇವಳಪ್ಪ. ಅದೇ ದಿನ ಮುಂಡಗೋಡದ ನನ್ನ ಅಣ್ಣನ ಮನೆಯಲ್ಲಿ ಬರೀ 9. ಯಾರ ಲೆಕ್ಕ ಸರಿ?
— ಓದುಗರೊಬ್ಬರು, ಶಿರಸಿ

ಉತ್ತರ: ಬಾಟಲಿಯದ್ದು ಸರಿ. ಅಗಲದ ಪಾತ್ರೆಗೆ ನೀರು ಜಾಸ್ತಿ ಬೀಳುತ್ತದೆ ನಿಜ, ಆದರೆ ಅಷ್ಟೇ ಅಗಲಕ್ಕೆ ಹರಡಿಕೊಳ್ಳುತ್ತದೆ ಅಲ್ವಾ, ಹಾಗಾಗಿ ಎತ್ತರ ಬದಲಾಗುವುದಿಲ್ಲ. ಎಡವಟ್ಟು ಇರುವುದು ಬಕೆಟ್‌ನ ಆಕಾರದಲ್ಲಿ. ಬಾಯಿ 30 ಸೆಂ.ಮೀ., ತಳ 22 ಇದ್ದರೆ, ದೊಡ್ಡ ಬಾಯಿಗೆ ಬಿದ್ದ ನೀರೆಲ್ಲ ಸಣ್ಣ ತಳದಲ್ಲಿ ಮೇಲೇರಿ ನಿಲ್ಲುತ್ತದೆ, 41 ಹೋಗಿ ಹೆಚ್ಚುಕಡಿಮೆ 70 ಕಾಣುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ದಾಟಿದರೆ 'ಭಾರಿ ಮಳೆ'. ಬಕೆಟ್ ನಂಬಿದರೆ ಸಾಧಾರಣ ಮಳೆಯೂ ಭಾರಿಯಾಗಿಬಿಡುತ್ತದೆ! ಅಡುಗೆಮನೆಯ ನೆಟ್ಟಗಿನ ಸ್ಟೀಲ್ ಡಬ್ಬಿ ಇಟ್ಟು ನೋಡಿ, ಬಾಟಲಿಗೆ ತಾಳೆಯಾಗುತ್ತದೆ.

ಬಾಟಲಿಯ ತಳವನ್ನೂ ಒಮ್ಮೆ ನೋಡಿಕೊಳ್ಳಿ. ಅಲ್ಲಿ ಉಬ್ಬು ತಗ್ಗು ಇರುತ್ತದೆ, ನಾನು ಮೊದಲ ವರ್ಷ ಗಮನಿಸದೆ ಇಡೀ ಜೂನ್ ತಿಂಗಳ ಲೆಕ್ಕ ತಪ್ಪಿತ್ತು. ಈಗ ನಾಲ್ಕು ಸಣ್ಣ ಕಲ್ಲು ಹಾಕಿ, ನೆಟ್ಟಗಿನ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆಯ ಗೆರೆ ಎಳೆಯುತ್ತೇನೆ. ಕಲ್ಲಿನ ಭಾರಕ್ಕೆ ಗಾಳಿಗೂ ಉರುಳುವುದಿಲ್ಲ. ಸೂರಿನ ನೀರು, ಸೋಗೆಯಿಂದ ತೊಟ್ಟಿಕ್ಕುವ ಹನಿ ಬೀಳದ ಜಾಗ ಬೇಕು. ದಿನಾ ಬೆಳಿಗ್ಗೆ 8.30ಕ್ಕೆ ಓದಿ, ಇಲಾಖೆಯವರೂ ಅದೇ ಹೊತ್ತಿಗೆ ಓದುತ್ತಾರೆ.

ಅಣ್ಣನ 9 ಕೂಡ ನಂಬುವಂಥದ್ದೇ. ಅರಬ್ಬಿ ಸಮುದ್ರದಿಂದ ಬರುವ ಒದ್ದೆ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ಕಾರವಾರ, ಕುಮಟಾದಿಂದ ಘಟ್ಟದ ನೆತ್ತಿಯವರೆಗೆ ಸುರಿಯುತ್ತದೆ. ಆಮೇಲೆ ಪೂರ್ವಕ್ಕೆ ಇಳಿಯುವಾಗ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಮುಂಡಗೋಡ ಇರುವುದು ಆ ಕಡೆಗೆ. ಒಂದೇ ಜಿಲ್ಲೆ, ಒಂದು ಕಡೆ ಮಳೆಗೆ ಕೊಳೆ ರೋಗ ಬಾರದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುತ್ತಾರೆ, ಇನ್ನೊಂದು ಕಡೆ ಜೋಳಕ್ಕೆ ಮಳೆ ಸಾಕಾಗುತ್ತದೋ ಇಲ್ಲವೋ ಅಂತ ಮುಗಿಲು ನೋಡುತ್ತಾರೆ. ಅಣ್ಣನಿಗೂ ಇದೇ ಥರದ ಬಾಟಲಿ ಇಡಲು ಹೇಳಿ, ಈ ವ್ಯತ್ಯಾಸ ಮಗಳು ಕೈಯಾರೆ ಅಳೆದಂತಾಗುತ್ತದೆ.

1 ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ 1 ಲೀಟರ್. ನಿಮ್ಮ 41ರ ಲೆಕ್ಕದಲ್ಲಿ ಒಂದು ಗುಂಟೆ ತೋಟಕ್ಕೆ 4,100 ಲೀಟರ್ ಮೇಲೆ ಬಿದ್ದಿದೆ! ಮಗಳು ಅಂಕಿಯ ಪಕ್ಕದಲ್ಲೇ ಮೊದಲ ಕೊಳೆ ಅಡಿಕೆ ಉದುರಿದ ದಿನವನ್ನೂ ಬರೆಯಲಿ. ಕೊಳೆ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು, ಮರ ಹತ್ತುವ ಕೊನೆಗೌಡ ಎಷ್ಟು ದಿನ ಹೊಳವಿಗೆ (ಮಳೆ ಬಿಡುವುದಕ್ಕೆ) ಕಾದ ಅನ್ನೋದನ್ನೂ. ಮುಂದಿನ ಮಳೆಗಾಲಕ್ಕೆ ಆ ಪುಟ ನನಗೂ ಕಳಿಸಿ.